ಎಲಿಸಾ ಕಿಟ್ ಕೊಡುವ ಸಂಖ್ಯೆಯನ್ನು ಎಷ್ಟು ನಂಬಬೇಕು?

ನಮಸ್ಕಾರ. ಇಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡುವವರಿದ್ದೀರಿ, ವೈದ್ಯರಿದ್ದೀರಿ, ಸುಮ್ನೆ ಕುತೂಹಲಕ್ಕೆ ಬಂದು ಕೂತವರೂ ಇದ್ದೀರಿ. ಎಲ್ಲರಿಗೂ ಅರ್ಥವಾಗುವ ಹಾಗೆ ಮಾತಾಡುತ್ತೇನೆ. ಇವತ್ತಿನ ವಿಷಯ ಮನುಷ್ಯರ ರಕ್ತದಲ್ಲಿ ಉರಿಯೂತದ ಪ್ರೋಟೀನುಗಳನ್ನು ಅಳೆಯುವ ಎಲಿಸಾ ಕಿಟ್, ಅಂದರೆ ಪ್ರತಿಕಾಯ ಮತ್ತು ಕಿಣ್ವ ಬಳಸಿ ಬಣ್ಣದ ಮೂಲಕ ಅಳೆಯುವ ಪರೀಕ್ಷೆಯ ಪೆಟ್ಟಿಗೆ. ಅದು ಹೇಗೆ ಕೆಲಸ ಮಾಡುತ್ತದೆ, ಅದು ಕೊಡುವ ಸಂಖ್ಯೆಯನ್ನು ಎಲ್ಲಿಯವರೆಗೆ ನಂಬಬಹುದು, ಎಲ್ಲಿ ನಿಂತು ಯೋಚಿಸಬೇಕು ಅನ್ನುವುದನ್ನು ನೋಡೋಣ.

ಉರಿಯೂತ ಎಲ್ಲರಿಗೂ ಗೊತ್ತಿರುವುದೇ. ಗಾಯವಾದ ಜಾಗ ಕೆಂಪಾಗುತ್ತದೆ, ಊದುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಈ ಹೊತ್ತಿನಲ್ಲಿ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಪುಟ್ಟ ಪ್ರೋಟೀನುಗಳನ್ನು ಹೊರಬಿಡುತ್ತವೆ. ಇವೇ ಸೈಟೋಕೈನ್‌ಗಳು. ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-1 ಬೀಟಾ, ಟಿಎನ್‌ಎಫ್ ಆಲ್ಫಾ ಇವೆಲ್ಲ ಆ ಗುಂಪಿನವು. ರಕ್ತ ಪರೀಕ್ಷೆಯ ವರದಿಯಲ್ಲಿ ನೀವು ನೋಡಿರುವ ಸಿಆರ್‌ಪಿ ಎಂಬ ಪ್ರೋಟೀನ್ ಮಾತ್ರ ಬೇರೆ ಜಾತಿ. ಅದನ್ನು ತಯಾರಿಸುವುದು ಯಕೃತ್ತು. ತಯಾರಿಸು ಎಂದು ಯಕೃತ್ತಿಗೆ ಹೇಳುವುದು ಮುಖ್ಯವಾಗಿ ಇಂಟರ್‌ಲ್ಯೂಕಿನ್-6. ಇನ್ನು ಮುಂದೆ ಅದನ್ನು ಐಎಲ್-6 ಎಂದು ಚಿಕ್ಕದಾಗಿ ಕರೆಯುತ್ತೇನೆ.

ಈಗ ಪ್ರಮಾಣದ ಲೆಕ್ಕ ನೋಡಿ. ಆರೋಗ್ಯವಾಗಿರುವ ಹೆಚ್ಚಿನವರಲ್ಲಿ ಸಿಆರ್‌ಪಿ ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆ. ಜೋರು ಬ್ಯಾಕ್ಟೀರಿಯಾ ಸೋಂಕಾದರೆ 100 ದಾಟುತ್ತದೆ, 200 ಕೂಡ ದಾಟುತ್ತದೆ. ಐಎಲ್-6 ಮಾತ್ರ ಆರೋಗ್ಯವಂತರಲ್ಲಿ ಒಂದು ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ. ಪಿಕೋಗ್ರಾಂ ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು. ಲೀಟರಿಗೆ 1 ಮಿಲಿಗ್ರಾಂ ಸಿಆರ್‌ಪಿ ಅಂದರೆ ಮಿಲಿಲೀಟರಿಗೆ 10 ಲಕ್ಷ ಪಿಕೋಗ್ರಾಂ ಆಯಿತು. ಐಎಲ್-6 ಅದೇ ಮಿಲಿಲೀಟರಿನಲ್ಲಿ 2 ಪಿಕೋಗ್ರಾಂ ಇದ್ದರೆ, ತೂಕದಲ್ಲಿ ಐದು ಲಕ್ಷ ಪಟ್ಟು ಕಡಿಮೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿ ದ್ರವವೇ ಸೀರಂ. ಒಂದು ಮಿಲಿಲೀಟರ್ ಸೀರಂನಲ್ಲಿ ಒಟ್ಟು ಪ್ರೋಟೀನ್ ಸುಮಾರು 70 ಮಿಲಿಗ್ರಾಂ ಇರುತ್ತದೆ. ಅದನ್ನು 3500 ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನಮಗೆ ಬೇಕಾದ ಐಎಲ್-6. ಉಳಿದದ್ದೆಲ್ಲ ನಮಗೆ ಬೇಡದ್ದು. ಇಷ್ಟು ಚೂರನ್ನು ಹುಡುಕಿ, ಹಿಡಿದು, ಎಷ್ಟಿದೆ ಎಂದು ಹೇಳಬೇಕು. ಇದು ಸಾಧ್ಯವಾಗಿದೆ ಅನ್ನುವುದೇ ನನಗೆ ಈಗಲೂ ದೊಡ್ಡ ವಿಷಯ.

ಸಾಧ್ಯವಾದದ್ದು ಪ್ರತಿಕಾಯಗಳಿಂದ. ಒಂದು ಪ್ರತಿಕಾಯ ತನಗೆ ಹೊಂದುವ ಪ್ರೋಟೀನನ್ನು ಸಾವಿರಾರು ಬೇರೆ ಪ್ರೋಟೀನುಗಳ ನಡುವೆ ಗುರುತಿಸಿ ಹಿಡಿದುಕೊಳ್ಳುತ್ತದೆ. ಈ ಗುಣವನ್ನು ಅಳತೆಗೆ ಮೊದಲು ಬಳಸಿದವರು ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್. 1950ರ ದಶಕದ ಕೊನೆಯಲ್ಲಿ ಅವರು ರಕ್ತದ ಇನ್ಸುಲಿನ್ ಅಳೆದರು. ಗುರುತಿಗೆ ಬಳಸಿದ್ದು ವಿಕಿರಣ ಸೂಸುವ ಅಯೋಡಿನ್. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. ವಿಕಿರಣದ ಜಾಗಕ್ಕೆ ಕಿಣ್ವ ಬಂದದ್ದು 1971ರಲ್ಲಿ. ಸ್ಟಾಕ್‌ಹೋಮಿನಲ್ಲಿ ಇವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್, ನೆದರ್ಲೆಂಡ್ಸಿನಲ್ಲಿ ಬೌಕೆ ಫಾನ್ ವೇಮೆನ್ ಮತ್ತು ಆಂಟನ್ ಸ್ಕೂರ್ಸ್, ಎರಡೂ ತಂಡಗಳು ಅದೇ ವರ್ಷ ಬೇರೆ ಬೇರೆಯಾಗಿ ಇದನ್ನು ಮಾಡಿ ತೋರಿಸಿದವು. ಎಲಿಸಾ ಅನ್ನುವ ಹೆಸರು ಸ್ಟಾಕ್‌ಹೋಮಿನವರದ್ದು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಒಂದೇ ತೆರನ ಪ್ರತಿಕಾಯವನ್ನು ಎಷ್ಟು ಬೇಕಾದರೂ ತಯಾರಿಸುವ ದಾರಿ ಕಂಡುಹಿಡಿದರು. ಪೆಟ್ಟಿಗೆಯಲ್ಲಿ ತುಂಬಿ ಮಾರುವ ಕಿಟ್ ಇಷ್ಟು ಸಲೀಸಾದದ್ದು ಅದಾದ ಮೇಲೆ.

ಈಗ ಪೆಟ್ಟಿಗೆ ತೆರೆಯೋಣ. ಒಳಗೆ ಬೆಳ್ಳಿ ಬಣ್ಣದ ಹಾಳೆಯ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಪ್ಲೇಟ್ ಇರುತ್ತದೆ. ಅದರಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡರಂತೆ 96 ಪುಟ್ಟ ಗುಳಿಗಳು. ಲ್ಯಾಬಿನಲ್ಲಿ ಇವನ್ನು ವೆಲ್ ಅನ್ನುತ್ತೇವೆ. ಬರಿಗಣ್ಣಿಗೆ ಖಾಲಿ ಕಾಣುತ್ತವೆ. ಆದರೆ ಪ್ರತಿ ವೆಲ್ಲಿನ ತಳಕ್ಕೆ ಐಎಲ್-6 ಹಿಡಿಯುವ ಪ್ರತಿಕಾಯ ಅಂಟಿಸಿರುತ್ತಾರೆ. ಉಳಿದ ಖಾಲಿ ಜಾಗಕ್ಕೆ ಬೇರೆ ಪ್ರೋಟೀನ್ ಹಚ್ಚಿ ಮುಚ್ಚಿರುತ್ತಾರೆ, ಸಿಕ್ಕಿದ್ದೆಲ್ಲ ಪ್ಲಾಸ್ಟಿಕ್ಕಿಗೆ ಅಂಟಬಾರದು ನೋಡಿ.

ಜೊತೆಗೆ ಒಂದು ಚಿಕ್ಕ ಸೀಸೆಯಲ್ಲಿ ಒಣ ಪುಡಿ. ಕೆಲವೊಮ್ಮೆ ಕಣ್ಣಿಗೆ ಕಾಣುವುದೇ ಇಲ್ಲ. ಅದು ಸ್ಟಾಂಡರ್ಡ್, ಅಂದರೆ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಐಎಲ್-6. ಹೇಳಿದಷ್ಟು ದ್ರವ ಹಾಕಿ, ಹದಿನೈದು ನಿಮಿಷ ಬಿಟ್ಟು, ನೊರೆ ಬರದ ಹಾಗೆ ಮೆಲ್ಲಗೆ ತಿರುಗಿಸಬೇಕು. ಆಮೇಲೆ ಅರ್ಧಕ್ಕರ್ಧ ತಿಳಿ ಮಾಡುತ್ತಾ ಹೋಗಬೇಕು. 600 ಪಿಕೋಗ್ರಾಂ ಇದ್ದದ್ದು 300, 150, 75 ಆಗಿ, ಏಳನೇ ಕೊಳವೆಗೆ ಬರುವಾಗ 9.4ಕ್ಕೆ ಇಳಿಯುತ್ತದೆ. ಈ ಏಳು, ಏನೂ ಇಲ್ಲದ್ದೊಂದು, ಒಟ್ಟು ಎಂಟು. ಪ್ರತಿಯೊಂದನ್ನೂ ಎರಡೆರಡು ವೆಲ್ಲಿಗೆ ಹಾಕಿದರೆ 16 ವೆಲ್ ಹೋಯಿತು. ಉಳಿದ 80ರಲ್ಲಿ 40 ಜನರ ಸೀರಂ, ಅದೂ ಎರಡೆರಡು. ಒಂದು ಪ್ಲೇಟಿನ ಲೆಕ್ಕ ಅಷ್ಟೇ.

ಪ್ರತಿ ವೆಲ್ಲಿಗೆ 100 ಮೈಕ್ರೋಲೀಟರ್ ಹಾಕಿ ಎರಡು ಗಂಟೆ ಬಿಡುತ್ತೇವೆ. ಐಎಲ್-6 ಇದ್ದರೆ ತಳದ ಪ್ರತಿಕಾಯ ಹಿಡಿದುಕೊಳ್ಳುತ್ತದೆ. ಆಮೇಲೆ ತೊಳೆಯುವುದು. ನಂತರ ಎರಡನೇ ಪ್ರತಿಕಾಯ. ಇದು ಐಎಲ್-6ರ ಇನ್ನೊಂದು ಮಗ್ಗುಲನ್ನು ಹಿಡಿಯುತ್ತದೆ. ಇದಕ್ಕೆ ಬಯೋಟಿನ್ ಎಂಬ ವಿಟಮಿನ್ ಕಟ್ಟಿರುತ್ತಾರೆ. ಮತ್ತೆ ತೊಳೆದು, ಬಯೋಟಿನ್ನನ್ನು ಬಿಗಿಯಾಗಿ ಕಚ್ಚಿಕೊಳ್ಳುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಹಾಕುತ್ತೇವೆ. ಅದರ ಜೊತೆಗೆ ಪೆರಾಕ್ಸಿಡೇಸ್ ಎಂಬ ಕಿಣ್ವ ಬರುತ್ತದೆ. ಮತ್ತೆ ತೊಳೆದು, ಕೊನೆಗೆ ಟಿಎಂಬಿ ಎಂಬ ಬಣ್ಣವಿಲ್ಲದ ದ್ರವ.

ಇಲ್ಲಿಂದ ಮುಂದಿನ ಇಪ್ಪತ್ತು ನಿಮಿಷ ನನಗೆ ತುಂಬಾ ಇಷ್ಟ. ಪ್ಲೇಟನ್ನು ಬೆಳಕು ಬೀಳದ ಕಡೆ ಇಡುತ್ತೇವೆ. ನಡುವೆ ಒಮ್ಮೆ ಇಣುಕಿದರೆ ಮೊದಲ ಸ್ಟಾಂಡರ್ಡ್ ಗಾಢ ನೀಲಿ ಆಗಿರುತ್ತದೆ. ಅದರ ಕೆಳಗಿನದ್ದು ಸ್ವಲ್ಪ ತಿಳಿ, ಅದರ ಕೆಳಗಿನದ್ದು ಇನ್ನೂ ತಿಳಿ. ಏಳನೆಯದ್ದರ ನೀಲಿ ಕಾಣಬೇಕಾದರೆ ಪ್ಲೇಟಿನ ಕೆಳಗೆ ಬಿಳಿ ಕಾಗದ ಇಡಬೇಕು. ಸಮಯವಾದ ಕೂಡಲೇ ಆಮ್ಲ ಹಾಕುತ್ತೇವೆ. ನೀಲಿ ಅಷ್ಟೂ ಕ್ಷಣದಲ್ಲಿ ಹಳದಿಯಾಗುತ್ತದೆ. ಯಂತ್ರ 450 ನ್ಯಾನೋಮೀಟರ್ ಬೆಳಕಿನಲ್ಲಿ ಪ್ರತಿ ವೆಲ್ಲಿನ ಹಳದಿ ಎಷ್ಟು ಗಾಢ ಎಂದು ಓದುತ್ತದೆ. ಸ್ಟಾಂಡರ್ಡ್‌ಗಳ ಹಳದಿಯಿಂದ ಒಂದು ಬಾಗಿದ ಗೆರೆ ಎಳೆದು, ನಮ್ಮ ಸ್ಯಾಂಪಲ್ಲಿನ ಹಳದಿ ಆ ಗೆರೆಯ ಮೇಲೆ ಎಲ್ಲಿ ಕೂರುತ್ತದೆ ಎಂದು ನೋಡಿ ಉತ್ತರ ಹೇಳುತ್ತೇವೆ.

ಅಂದರೆ ಯಂತ್ರ ಓದಿದ್ದು ಹಳದಿಯನ್ನು. ಐಎಲ್-6 ಅನ್ನು ಯಾರೂ ನೇರವಾಗಿ ನೋಡಿಲ್ಲ. ಎರಡು ಪ್ರತಿಕಾಯಗಳು ಸೇರಿ ಹಿಡಿದದ್ದು ಎಷ್ಟಿತ್ತೋ ಅಷ್ಟು ಕಿಣ್ವ, ಕಿಣ್ವ ಎಷ್ಟಿತ್ತೋ ಅಷ್ಟು ಬಣ್ಣ. ಈ ಸರಪಳಿಯಲ್ಲಿ ಎಲ್ಲಿ ಸಡಿಲವಾದರೂ ಕೊನೆಯಲ್ಲಿ ಬರುವುದು ನೀಟಾದ ಒಂದು ಸಂಖ್ಯೆಯೇ. ದಶಾಂಶದ ನಂತರ ಎರಡು ಅಂಕಿ ಕೂಡ ಇರುತ್ತವೆ. ನೋಡಿದರೆ ಅನುಮಾನವೇ ಬರುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಆ ಸಂಖ್ಯೆಯಲ್ಲಿ ರೋಗಿಯ ರಕ್ತ ಎಷ್ಟಿದೆಯೋ, ಕಿಟ್ಟಿನ ಪ್ರತಿಕಾಯ, ಅದರ ಸ್ಟಾಂಡರ್ಡ್, ರಕ್ತ ತೆಗೆದ ಮೇಲೆ ಕೊಳವೆ ಕಳೆದ ಹೊತ್ತು ಇವೂ ಅಷ್ಟೇ ಸೇರಿಕೊಂಡಿವೆ.

ಪ್ರತಿಕಾಯದಿಂದ ಶುರು ಮಾಡೋಣ. ಟಿಎನ್‌ಎಫ್ ಆಲ್ಫಾ ರಕ್ತದಲ್ಲಿ ಮೂರು ತುಂಡು ಒಟ್ಟಿಗೆ ಸೇರಿದ ರೂಪದಲ್ಲಿ ಓಡಾಡುತ್ತದೆ. ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಜೀವಕೋಶದಿಂದ ಕಳಚಿ ರಕ್ತದಲ್ಲೂ ಇರುತ್ತವೆ. ಗ್ರಾಹಕ ಹಿಡಿದುಕೊಂಡಿರುವ ಟಿಎನ್‌ಎಫ್ ಅನ್ನು ಒಂದು ಕಂಪನಿಯ ಪ್ರತಿಕಾಯ ಗುರುತಿಸುತ್ತದೆ, ಇನ್ನೊಂದರದ್ದು ಗುರುತಿಸುವುದಿಲ್ಲ. ಎರಡೂ ಪೆಟ್ಟಿಗೆಯ ಮೇಲೆ ಟಿಎನ್‌ಎಫ್ ಆಲ್ಫಾ ಅಂತಲೇ ಬರೆದಿರುತ್ತದೆ. ಅದೇ ಸೀರಂಗೆ ಎರಡು ಬೇರೆ ಉತ್ತರ ಬರುತ್ತದೆ, ಎರಡೂ ತಮ್ಮ ಮಟ್ಟಿಗೆ ಸರಿ. ಹಾಗಾಗಿ ಒಂದು ಕಿಟ್ಟಿನಲ್ಲಿ ಬಂದ 12 ಅನ್ನು ಇನ್ನೊಂದು ಕಿಟ್ಟಿನಲ್ಲಿ ಬಂದ 20ರ ಜೊತೆ ಹೋಲಿಸಿ ರೋಗ ಜಾಸ್ತಿಯಾಯಿತು ಅನ್ನಬಾರದು. ಒಬ್ಬ ರೋಗಿಯ ಎಲ್ಲ ಸ್ಯಾಂಪಲ್ಲುಗಳನ್ನು, ಸಾಧ್ಯವಾದರೆ, ಒಂದೇ ಲಾಟಿನ, ಅಂದರೆ ಒಂದೇ ಸಲ ತಯಾರಾದ ಕಿಟ್ಟಿನಲ್ಲಿ, ಒಂದೇ ಪ್ಲೇಟಿನಲ್ಲಿ ಮಾಡುವುದು ಒಳ್ಳೆಯದು. ಸ್ಟಾಂಡರ್ಡ್ ವಿಷಯವೂ ಹೀಗೇ. ಎಲ್ಲರೂ ಒಂದೇ ಅಳತೆಗೋಲಿಗೆ ಹೊಂದಿಸಿಕೊಳ್ಳಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಸ್ಟಾಂಡರ್ಡ್‌ಗಳು ಹಲವು ಸೈಟೋಕೈನ್‌ಗಳಿಗೆ ಇವೆ. ಕಿಟ್ಟಿನ ಜೊತೆ ಬರುವ ಕಾಗದದಲ್ಲಿ ತಮ್ಮ ಸ್ಟಾಂಡರ್ಡ್ ಅದಕ್ಕೆ ಹೋಲಿಸಿದರೆ ಎಷ್ಟು ಎಂದು ಬರೆದಿದ್ದರೆ ಅದೊಂದು ಒಳ್ಳೆಯ ಲಕ್ಷಣ.

ಇದಕ್ಕಿಂತ ದೊಡ್ಡ ವಿಷಯ ಕೊಳವೆಯೊಳಗಿನ ರಕ್ತದ್ದು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ. ನನ್ನ ಪ್ರಕಾರ ಉರಿಯೂತದ ಅಳತೆಗಳು ಕೆಡುವುದು ಹೆಚ್ಚಾಗಿ ಇಲ್ಲೇ, ಕಿಟ್ ತೆರೆಯುವುದಕ್ಕೂ ಮೊದಲೇ.

ರಕ್ತ ತೆಗೆದ ಕೂಡಲೇ ಅದರೊಳಗಿನ ಬಿಳಿ ರಕ್ತಕಣಗಳು ಸಾಯುವುದಿಲ್ಲ. ಕೊಳವೆಯಲ್ಲೂ ತಮ್ಮ ಕೆಲಸ ಮುಂದುವರಿಸುತ್ತವೆ. ಸೈಟೋಕೈನ್ ತಯಾರಿಸುವುದೂ ಅವುಗಳ ಕೆಲಸವೇ. ಬ್ಯಾಕ್ಟೀರಿಯಾದ ಗೋಡೆಯ ಚೂರು, ಅಂದರೆ ಎಂಡೋಟಾಕ್ಸಿನ್, ಕೊಳವೆಯಲ್ಲಿ ಒಂದಿಷ್ಟು ಇದ್ದರೂ ಸಾಕು. ಮಾನೊಸೈಟ್ ಎಂಬ ಬಿಳಿ ರಕ್ತಕಣಗಳು ಸೋಂಕಾಯಿತು ಅಂದುಕೊಂಡು ಟಿಎನ್‌ಎಫ್, ಐಎಲ್-6 ಹೊರಬಿಡಲು ಶುರು ಮಾಡುತ್ತವೆ. ರೋಗಿಯ ಮೈಯಲ್ಲಿ ಇಲ್ಲದ ಉರಿಯೂತ ಕೊಳವೆಯಲ್ಲಿ ಹುಟ್ಟುತ್ತದೆ! ಇನ್ನು ಸೀರಂ ಬೇಕಾದರೆ ರಕ್ತ ಹೆಪ್ಪುಗಟ್ಟಬೇಕು. ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ತಮ್ಮೊಳಗಿನ ಹಲವು ಪ್ರೋಟೀನುಗಳನ್ನು ಸುರಿಯುತ್ತವೆ. ರಕ್ತನಾಳ ಬೆಳೆಸುವ ವಿಇಜಿಎಫ್ ಅದರಲ್ಲೊಂದು. ಆದ್ದರಿಂದ ಸೀರಂನಲ್ಲಿ ಅದು, ಹೆಪ್ಪುಗಟ್ಟಲು ಬಿಡದೆ ಬೇರ್ಪಡಿಸಿದ ಪ್ಲಾಸ್ಮಾಗಿಂತ ಜಾಸ್ತಿ ಕಾಣುತ್ತದೆ. ಕೊಳವೆಯನ್ನು ಗಿರಗಿರ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜಿಗೆ ಹಾಕಲು ತಡವಾದರೆ ಐಎಲ್-8 ಎಂಬ ಇನ್ನೊಂದು ಸೈಟೋಕೈನ್ ಏರುತ್ತಾ ಹೋಗುತ್ತದೆ.

ಈಗ ಒಂದು ಅಧ್ಯಯನ ಊಹಿಸಿಕೊಳ್ಳಿ. ಒಂದು ಕಡೆ ರೋಗಿಗಳು, ಇನ್ನೊಂದು ಕಡೆ ಆರೋಗ್ಯವಂತರು. ಆರೋಗ್ಯವಂತರು ಯಾರು? ಹೆಚ್ಚಾಗಿ ಅದೇ ಕಟ್ಟಡದ ವಿದ್ಯಾರ್ಥಿಗಳು, ಸಿಬ್ಬಂದಿ. ಅವರ ರಕ್ತ ತೆಗೆದ ಅರ್ಧ ಗಂಟೆಯಲ್ಲಿ ಸೀರಂ ಬೇರೆಯಾಗಿ ಫ್ರೀಜರಿಗೆ ಹೋಗಿರುತ್ತದೆ. ರೋಗಿಗಳ ರಕ್ತ ವಾರ್ಡಿನಲ್ಲಿ ರಾತ್ರಿ ತೆಗೆದದ್ದು. ಬೆಳಿಗ್ಗೆ ಯಾರೋ ತಂದುಕೊಡುವವರೆಗೆ ಟ್ರೇನಲ್ಲಿ ನಿಂತಿರುತ್ತದೆ. ಎಲಿಸಾ ಮಾಡಿದರೆ ರೋಗಿಗಳಲ್ಲಿ ಐಎಲ್-8 ಹಲವು ಪಟ್ಟು ಜಾಸ್ತಿ. ಗ್ರಾಫ್ ಅಂದವಾಗಿ ಬರುತ್ತದೆ, ವ್ಯತ್ಯಾಸ ಆಕಸ್ಮಿಕವೋ ಎಂದು ನೋಡುವ ಪಿ ಬೆಲೆ ಕೂಡ ಬೇಕಾದ ಹಾಗೇ ಬರುತ್ತದೆ. ಆದರೆ ಅಳೆದದ್ದು ರೋಗವನ್ನೋ ಕಾದ ಹೊತ್ತನ್ನೋ? ಆ ಗ್ರಾಫ್ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಕಿಟ್ ಇಲ್ಲಿ ಯಾವ ತಪ್ಪನ್ನೂ ಮಾಡಿಲ್ಲ. ಕೊಳವೆಯಲ್ಲಿ ಇದ್ದದ್ದನ್ನು ಸರಿಯಾಗಿಯೇ ಹೇಳಿದೆ. ಇಂಥ ಕಡೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನೋವಿನಲ್ಲಿರುವ ಒಬ್ಬರು ಸೂಜಿ ಚುಚ್ಚಿಸಿಕೊಂಡು ಕೊಟ್ಟ ರಕ್ತ ಅದು.

ದಾರಿ ಕಷ್ಟದ್ದೇನಲ್ಲ. ರಕ್ತ ತೆಗೆದ ಸಮಯ, ಸೆಂಟ್ರಿಫ್ಯೂಜ್ ಮಾಡಿದ ಸಮಯ, ಫ್ರೀಜರಿಗೆ ಇಟ್ಟ ಸಮಯ ಮೂರನ್ನೂ ಬರೆದಿಡಿ. ಎರಡೂ ಗುಂಪಿಗೆ ಒಂದೇ ನಿಯಮ ಇಡಿ. ಸೀರಂ ಅಂದರೆ ಎಲ್ಲರದ್ದೂ ಸೀರಂ, ಪ್ಲಾಸ್ಮಾ ಅಂದರೆ ಎಲ್ಲರದ್ದೂ ಪ್ಲಾಸ್ಮಾ. ಮೈನಸ್ 80 ಡಿಗ್ರಿಯಲ್ಲಿ ಇಡುವಾಗಲೇ ಚಿಕ್ಕ ಚಿಕ್ಕ ಕೊಳವೆಗಳಿಗೆ ಹಂಚಿ. ಹಾಗೆ ಮಾಡಿದರೆ ಪ್ರತಿ ಸಲ ಅದೇ ಕೊಳವೆಯನ್ನು ಕರಗಿಸಿ ಮತ್ತೆ ಫ್ರೀಜರಿಗೆ ಹಾಕುವ ಪ್ರಸಂಗ ಬರುವುದಿಲ್ಲ. ಕೆಡಬಾರದು ಎಂದು ಸೋಡಿಯಂ ಅಜೈಡ್ ಮಾತ್ರ ಹಾಕಬೇಡಿ. ಅದು ಪೆರಾಕ್ಸಿಡೇಸ್ ಕಿಣ್ವವನ್ನು ತಡೆಯುತ್ತದೆ, ಬಣ್ಣವೇ ಬರುವುದಿಲ್ಲ.

ಮುಂದಿನದ್ದು ರೋಗಿಯ ರಕ್ತದಲ್ಲೇ ಇರುವ ಅಡ್ಡಿ. ರುಮಟಾಯ್ಡ್ ಸಂಧಿವಾತ ಇರುವ ಹಲವರ ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಇರುತ್ತದೆ. ಅದು ಏನು ಗೊತ್ತೇ? ಬೇರೆ ಪ್ರತಿಕಾಯಗಳ ಬಾಲವನ್ನು ಹಿಡಿಯುವ ಪ್ರತಿಕಾಯ. ಕಿಟ್ಟಿನಲ್ಲಿ ಏನಿದೆ? ಎರಡು ಪ್ರತಿಕಾಯಗಳು. ರುಮಟಾಯ್ಡ್ ಫ್ಯಾಕ್ಟರ್ ಒಂದು ಕೈಯಲ್ಲಿ ತಳದ ಪ್ರತಿಕಾಯವನ್ನೂ ಇನ್ನೊಂದು ಕೈಯಲ್ಲಿ ಬಯೋಟಿನ್ ಕಟ್ಟಿದ ಪ್ರತಿಕಾಯವನ್ನೂ ಹಿಡಿದು ಸೇತುವೆ ಕಟ್ಟಿಬಿಡುತ್ತದೆ. ನಡುವೆ ಐಎಲ್-6 ಇಲ್ಲದೆಯೇ ಬಣ್ಣ ಬರುತ್ತದೆ. ಯಾರಲ್ಲಿ ಉರಿಯೂತವನ್ನು ಅಳೆಯಲು ನಾವು ಅತಿ ಹೆಚ್ಚು ಬಯಸುತ್ತೇವೆಯೋ ಅವರಲ್ಲೇ ಈ ಕಾಟ ಹೆಚ್ಚು. ಒಳ್ಳೆಯ ಕಿಟ್‌ಗಳು ಇದನ್ನು ತಡೆಯಲು ತಮ್ಮ ದ್ರವದಲ್ಲಿ ಪ್ರಾಣಿಗಳ ಪ್ರತಿಕಾಯಗಳನ್ನು ಧಾರಾಳವಾಗಿ ಬೆರೆಸಿರುತ್ತವೆ. ರುಮಟಾಯ್ಡ್ ಫ್ಯಾಕ್ಟರ್ ಅದನ್ನು ಹಿಡಿದುಕೊಂಡು ಸುಮ್ಮನಾಗಲಿ ಎಂದು.

ಬಯೋಟಿನ್ ಮಾತ್ರೆಯ ಬಗ್ಗೆ ಕೇಳಿರುತ್ತೀರಿ. ಕೂದಲಿಗೆ, ಉಗುರಿಗೆ ಎಂದು ಜನ ತೆಗೆದುಕೊಳ್ಳುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ರಕ್ತದಲ್ಲಿ ಬಯೋಟಿನ್ ಜಾಸ್ತಿಯಿದ್ದರೆ ಅದು ಸ್ಟ್ರೆಪ್ಟಾವಿಡಿನ್ನಿನ ಜಾಗವನ್ನೆಲ್ಲ ಹಿಡಿದು ಕೆಲವು ಪರೀಕ್ಷೆಗಳಲ್ಲಿ ಸುಳ್ಳು ಉತ್ತರ ಬರಬಹುದು. ನಾನು ಈಗ ಹೇಳಿದಂಥ ಕೈಯಲ್ಲಿ ಮಾಡುವ ಎಲಿಸಾದಲ್ಲಿ ಈ ಭಯ ಕಡಿಮೆ. ಸ್ಟ್ರೆಪ್ಟಾವಿಡಿನ್ ಹಾಕುವುದಕ್ಕೆ ಮೊದಲೇ ಸೀರಂ ತೊಳೆದುಹೋಗಿರುತ್ತದಲ್ವಾ. ಎಲ್ಲವನ್ನೂ ಒಟ್ಟಿಗೆ ಬೆರೆಸುವ ಸ್ವಯಂಚಾಲಿತ ಯಂತ್ರಗಳಲ್ಲೇ ತೊಂದರೆ.

ಅಡ್ಡಿ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಎರಡು ಪರೀಕ್ಷೆಗಳಿವೆ. ಎರಡಕ್ಕೂ ಕೂಡಿಸು ಗುಣಿಸು ಬಂದರೆ ಸಾಕು. ಮೊದಲನೆಯದು ಸ್ಯಾಂಪಲ್ಲನ್ನು ತಿಳಿ ಮಾಡಿ ನೋಡುವುದು. ಹಾಗೇ ಹಾಕಿದಾಗ 80 ಬಂತು ಅನ್ನಿ. ಎರಡು ಪಟ್ಟು ತಿಳಿ ಮಾಡಿದಾಗ 40, ನಾಲ್ಕು ಪಟ್ಟು ಮಾಡಿದಾಗ 20 ಬರಬೇಕು. ಗುಣಿಸಿ ನೋಡಿದರೆ ಎಲ್ಲ 80. ಬದಲಿಗೆ 80, 62, 45 ಬಂದರೆ, ಗುಣಿಸಿದಾಗ 80, 124, 180 ಆಗುತ್ತದೆ. ತಿಳಿ ಮಾಡಿದಷ್ಟೂ ಉತ್ತರ ಏರುತ್ತಿದೆ ಅಂದರೆ ಸೀರಂನಲ್ಲಿರುವ ಏನೋ ಒಂದು ಪ್ರತಿಕಾಯವನ್ನು ತಡೆಯುತ್ತಿದೆ. ಎರಡನೆಯದು ಗೊತ್ತಿರುವಷ್ಟು ಸ್ಟಾಂಡರ್ಡನ್ನು ಸ್ಯಾಂಪಲ್ಲಿಗೆ ಸೇರಿಸುವುದು. 20 ಇದ್ದ ಸೀರಂಗೆ 100 ಸೇರುವಂತೆ ಹಾಕಿದರೆ 120ರ ಆಸುಪಾಸು ಬರಬೇಕು. ಸೇರಿಸಿದ್ದರಲ್ಲಿ ಶೇ. 80ರಿಂದ 120ರಷ್ಟು ವಾಪಸ್ ಸಿಕ್ಕರೆ ಸಾಮಾನ್ಯವಾಗಿ ಒಪ್ಪುತ್ತೇವೆ. ಒಟ್ಟು 70 ಬಂದರೆ ಸೇರಿಸಿದ್ದರ ಅರ್ಧವೇ ಕಾಣೆ. ಆಗ ಮೊದಲಿನ ಆ 20ನ್ನೂ ನಂಬಬೇಡಿ.

ಕೆಳಮಟ್ಟದ ಸಂಖ್ಯೆಗಳ ಬಗ್ಗೆ ಒಂದು ಮಾತು. ಕೊನೆಯ ಸ್ಟಾಂಡರ್ಡ್ 9.4 ಇರುವಾಗ ಸಾಫ್ಟ್‌ವೇರ್ 1.37 ಎಂದು ಬರೆದು ಕೊಡಬಹುದು. ಗೆರೆಯನ್ನು ಅದು ತನ್ನಷ್ಟಕ್ಕೆ ಕೆಳಗೆ ಎಳೆದಿದೆ, ಅಷ್ಟೇ. ಆರೋಗ್ಯವಂತರ ಐಎಲ್-6 ಕೆಲವೇ ಪಿಕೋಗ್ರಾಂ ಎಂದು ಆಗಲೇ ಹೇಳಿದೆ. ಅಂದರೆ ಇಂಥ ಮಾಮೂಲಿ ಕಿಟ್ಟಿನಲ್ಲಿ ಆರೋಗ್ಯವಂತರೆಲ್ಲ ಗೆರೆಯ ಕೆಳಗೇ ಇರುತ್ತಾರೆ. ಅವರ ನಡುವಿನ ವ್ಯತ್ಯಾಸ ಬೇಕಾದರೆ ಹೆಚ್ಚು ಸೂಕ್ಷ್ಮದ ಕಿಟ್ ಬೇಕು. ಒಂದೊಂದೇ ಅಣುವನ್ನು ಎಣಿಸುವ ವಿಧಾನವೂ ಬಂದಿದೆ. ಅತಿ ಪುಟ್ಟ ಗುಳಿಗಳಲ್ಲಿ ಒಂದೊಂದು ಮಣಿ ಕೂರಿಸಿ, ಯಾವುದು ಬೆಳಗಿತು ಎಂದು ಎಣಿಸುವುದು. 2010ರಲ್ಲಿ ಪ್ರಕಟವಾದ ಕೆಲಸ ಅದು. ಒಂದೇ ಹನಿಯಲ್ಲಿ ಹತ್ತಾರು ಸೈಟೋಕೈನ್ ಅಳೆಯುವ ಮಣಿಗಳ ಕಿಟ್ ಕೂಡ ಇದೆ. ಅನುಕೂಲ ಹೌದು. ಆದರೆ ಸ್ಯಾಂಪಲ್ಲನ್ನು ಒಂದೇ ಪ್ರಮಾಣದಲ್ಲಿ ತಿಳಿ ಮಾಡಿದ್ದು ಎಲ್ಲ ಸೈಟೋಕೈನ್‌ಗಳಿಗೂ ಒಗ್ಗಬೇಕು, ಅದು ಯಾವಾಗಲೂ ಆಗುವುದಿಲ್ಲ.

ವೈದ್ಯರಿಗೆ ಒಂದು ವಿಷಯ. ಟೊಸಿಲಿಜುಮಾಬ್ ಔಷಧ ಐಎಲ್-6ರ ಗ್ರಾಹಕವನ್ನು ಮುಚ್ಚುತ್ತದೆ. ಕೊಟ್ಟ ಮೇಲೆ ರಕ್ತದಲ್ಲಿ ಐಎಲ್-6 ಇಳಿಯುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಏರುತ್ತದೆ! ಐಎಲ್-6 ರಕ್ತದಿಂದ ಖಾಲಿಯಾಗುವುದು ಬಹುಪಾಲು ಅದೇ ಗ್ರಾಹಕದ ಮೂಲಕ. ಬಾಗಿಲು ಮುಚ್ಚಿದ ಮೇಲೆ ಅದು ಹೊರಗೇ ಉಳಿಯುತ್ತದೆ. ಸಿಆರ್‌ಪಿ ಮಾತ್ರ ಇಳಿಯುತ್ತದೆ, ಯಕೃತ್ತಿಗೆ ಸುದ್ದಿ ಮುಟ್ಟುತ್ತಿಲ್ಲವಲ್ಲ. ಇದು ಗೊತ್ತಿಲ್ಲದೆ ಐಎಲ್-6 ಸಂಖ್ಯೆ ಒಂದನ್ನೇ ನೋಡಿದರೆ ಔಷಧ ಕೆಲಸ ಮಾಡಲಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡಬಹುದು. ಇನ್ನೊಂದು, ಸಂಶೋಧನೆಗೆ ಮಾತ್ರ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಕಿಟ್ಟಿನ ಉತ್ತರವನ್ನು ಚಿಕಿತ್ಸೆಗೆ ಬಳಸಬಾರದು. ರೋಗಿಗಳಿಗೆಂದು ಒಪ್ಪಿಗೆ ಪಡೆದ ಪರೀಕ್ಷೆಗಳು ಬೇರೆಯೇ ಇವೆ. ಕೋವಿಡ್ ಸಮಯದಲ್ಲಿ, 2020ರ ಜೂನ್‌ನಲ್ಲಿ, ಎಫ್‌ಡಿಎ ಒಂದು ಐಎಲ್-6 ಪರೀಕ್ಷೆಗೆ ತುರ್ತು ಬಳಕೆಯ ಅನುಮತಿ ಕೊಟ್ಟಿತ್ತು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲೇ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಆರೋಗ್ಯವಾಗಿರುವವರು ವರ್ಷಕ್ಕೊಮ್ಮೆ ಐಎಲ್-6 ಮಾಡಿಸಬೇಕಾ? ಬೇಡ ಅನ್ನುತ್ತೇನೆ. ಮ್ಯಾರಥಾನ್ ಓಡಿದವರಲ್ಲಿ ಅದು ನೂರು ಪಟ್ಟು ಏರಬಹುದು, ಏಕೆಂದರೆ ದುಡಿಯುವ ಸ್ನಾಯು ಕೂಡ ಐಎಲ್-6 ಬಿಡುತ್ತದೆ. ಅದು ಕಾಯಿಲೆ ಅಲ್ಲ. ಸಿಆರ್‌ಪಿಯ ಅರ್ಧಾಯುಷ್ಯ ಸುಮಾರು 19 ಗಂಟೆ, ಟಿಎನ್‌ಎಫ್‌ನದ್ದು ನಿಮಿಷಗಳ ಲೆಕ್ಕ. ಹಾಗಾಗಿ ಸಿಆರ್‌ಪಿಯೇ ಹೆಚ್ಚು ನೆಲೆ ನಿಂತ ಅಳತೆ. ಹೃದಯದ ಅಪಾಯ ನೋಡಲು ಸೂಕ್ಷ್ಮ ಸಿಆರ್‌ಪಿ ಮಾಡಿಸಿದಾಗಲೂ 10 ದಾಟಿದ್ದರೆ ಗಾಬರಿಯಾಗಬೇಡಿ. ಸೋಂಕೇನಾದರೂ ಇದೆಯಾ ಎಂದು ವೈದ್ಯರು ನೋಡುತ್ತಾರೆ, ಎರಡು ವಾರ ಬಿಟ್ಟು ಮತ್ತೆ ಮಾಡಿಸುತ್ತಾರೆ.

ಇನ್ನೊಬ್ಬರು ಸಂಶೋಧನಾ ವಿದ್ಯಾರ್ಥಿನಿ. ಫ್ರೀಜರಿನಲ್ಲಿ ಸ್ಯಾಂಪಲ್ ಇದೆ, ಹೊಸ ಕಿಟ್ ಬಂದಿದೆ, ನಾಳೆಯೇ ಎಲ್ಲ ಮಾಡಿಬಿಡಲಾ ಎಂದು ಕೇಳಿದರು. ತಾಳಿ ಎಂದೆ. ಪ್ಲೇಟ್ ಬಿಡಿ ಸ್ಟ್ರಿಪ್ಪುಗಳಲ್ಲಿ ಬರುತ್ತದೆ. ಮೊದಲು ಸ್ಟಾಂಡರ್ಡಿಗೆ ಬೇಕಾದಷ್ಟು ಸ್ಟ್ರಿಪ್, ಅದರ ಜೊತೆ ಮೂರು ಸ್ಟ್ರಿಪ್ ಮಾತ್ರ ಹೊರಗೆ ತೆಗೆಯಿರಿ. ಉಳಿದದ್ದನ್ನು ತೇವ ಹೀರುವ ಪೊಟ್ಟಣದ ಜೊತೆಗೇ ಚೀಲದಲ್ಲಿ ಮುಚ್ಚಿಡಿ. ರೋಗಿಗಳಲ್ಲಿ ಇಬ್ಬರದ್ದು, ಆರೋಗ್ಯವಂತರಲ್ಲಿ ಒಬ್ಬರದ್ದು ಸೀರಂ ತೆಗೆದುಕೊಳ್ಳಿ. ಮಂಜುಗಡ್ಡೆಯ ಮೇಲೆ ಕರಗಿಸಿ, ಚೆನ್ನಾಗಿ ಬೆರೆಸಿ, ತಳಕ್ಕೆ ಕೂತದ್ದನ್ನು ಸೆಂಟ್ರಿಫ್ಯೂಜ್ ಮಾಡಿ ಬೇರ್ಪಡಿಸಿ. ತಿಳಿ ಮಾಡುವ ಪರೀಕ್ಷೆ, ಸ್ಟಾಂಡರ್ಡ್ ಸೇರಿಸುವ ಪರೀಕ್ಷೆ ಎರಡನ್ನೂ ಮಾಡಿ. ಅದು ಸರಿ ಬಂದರೆ ಎಷ್ಟು ಪಟ್ಟು ತಿಳಿ ಮಾಡಬೇಕು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಉಳಿದ ಸ್ಟ್ರಿಪ್ಪುಗಳನ್ನು ಆಮೇಲೆ ತೆರೆಯಿರಿ.